ನೀರುಗಂಟಿಯ ಹೆಸರು

ವೇದಿಕೆಯ ಮೇಲೆ ಮಾರೆಣ್ಣನ ಸೈಕಲ್ಲು ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಹಾರ ಉದ್ದವಾಗಿ ಮುಂದಿನ ಗಾಲಿಯ ಕಡ್ಡಿಗಳಿಗೆ ತಾಗುತ್ತಿತ್ತು. ಮುನಿಸಿಪಾಲಿಟಿಗೆ ತೆರಿಗೆ ಕಟ್ಟಿ ಪಡೆದ ತಗಡಿನ ಬಿಲ್ಲೆ ಹೂವಿನ ಸಂದಿಯಿಂದ ಇಣುಕುತ್ತಿತ್ತು. ಸಭಾಂಗಣದ ಹಿಂಬಾಗಿಲ ಬಳಿ ನಿಂತಿದ್ದ ಮಾರೆಣ್ಣನಿಗೆ ಅದನ್ನು ನೋಡಿ ನಗು ಬಂತು. ತನ್ನ ಕೊರಳಿಗೆ ಮದುವೆಯ ದಿನ ಬಿಟ್ಟರೆ ಎಂದೂ ಹಾರ ಬಿದ್ದಿರಲಿಲ್ಲ. ಸೈಕಲ್ಲೇ ತನಗಿಂತ ಪುಣ್ಯವಂತ ಎಂದುಕೊಂಡ.

ಸಾವಿರದ ಒಂಬೈನೂರ ಐವತ್ತೆರಡರ ಜೂನ್ ತಿಂಗಳು. ಮಳೆಗಾಲ ಹುಟ್ಟಿದರೂ ಬಳ್ಳಾರಿಯ ಬಿಸಿಲಿಗೆ ಇನ್ನೂ ಬುದ್ಧಿ ಬಂದಿರಲಿಲ್ಲ. ಹಾಲಿನಲ್ಲಿ ಕೂತಿದ್ದ ವಕೀಲರು, ಮಾಸ್ತರುಗಳು, ಹತ್ತಿ ವ್ಯಾಪಾರಿಗಳು ಆಮಂತ್ರಣ ಪತ್ರಿಕೆಯಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿ ನಾಲ್ಕು ಕುರ್ಚಿ ಖಾಲಿ ಇದ್ದವು. ಕೂತುಕೋ ಎಂದು ಯಾರೂ ಅನ್ನಲಿಲ್ಲ, ಮಾರೆಣ್ಣನೂ ಕೂರಲಿಲ್ಲ. ಕೆಂಡ ತುಂಬಿದ ಚೊಂಬಿನಿಂದ ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಅಂಗಿ ಕೂತರೆ ಸುಕ್ಕಾಗುತ್ತಿತ್ತು. ವೇದಿಕೆಗೆ ಕರೆಯುವವರೆಗಾದರೂ ಅದು ನೆಟ್ಟಗಿರಲಿ ಎಂಬುದೂ ಅವನ ಮನಸ್ಸಿನಲ್ಲಿತ್ತು.

ಯಾಕೆಂದರೆ ಆ ದಿನ ಬಿಡುಗಡೆಯಾಗುತ್ತಿದ್ದ ಪುಸ್ತಕ ಅವನದು. ಬರೆದವನು ಹೈಸ್ಕೂಲು ಮಾಸ್ತರ ಚಿದಾನಂದಪ್ಪ, ಅದು ನಿಜ. ಆದರೆ ಸೈಕಲ್ ತುಳಿದವನು ಮಾರೆಣ್ಣ.

ಯುದ್ಧದಲ್ಲಿ ಅವನು ಸೇತುವೆ ಕಟ್ಟುವ ಪಡೆಯಲ್ಲಿದ್ದ. ನಲವತ್ತೈದರಲ್ಲಿ ಯುದ್ಧ ಮುಗಿದಾಗ ಪಡೆ ಇಟಲಿಯ ಉತ್ತರದಲ್ಲಿತ್ತು. ಊರಿಗೆ ಮರಳುವ ಹಡಗು ಬರಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಆಗ ಸಿಕ್ಕ ರಜೆಯಲ್ಲಿ ಉಳಿದವರು ರೋಮ್ ನೋಡಲು ರೈಲು ಹತ್ತಿದರು. ಮಾರೆಣ್ಣ ಐವತ್ತು ಸಿಗರೇಟಿಗೆ ಒಂದು ಹಳೆಯ ಸೈಕಲ್ ಕೊಂಡು, ಪೋ ಎಂಬ ಹೊಳೆಯ ದಂಡೆ ಹಿಡಿದು ಒಬ್ಬನೇ ಹೊರಟ. ಹೊಳೆ ಸಮುದ್ರ ಸೇರುವವರೆಗೆ, ನಡುವೆ ಸಿಕ್ಕ ಕಾಲುವೆಗಳ ಗುಂಟ ಅಡ್ಡಾಡುತ್ತ, ಇಪ್ಪತ್ತಾರು ದಿನ ತುಳಿದ. ಯಾಕೆ ಹೋದೆ ಎಂದು ಯಾರಾದರೂ ಕೇಳಿದರೆ ಅವನಿಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ಯುದ್ಧದಲ್ಲಿ ನೋಡಿದ ಹೊಳೆಗಳನ್ನೆಲ್ಲ ದಾಟಿದ್ದೇ ಆಯಿತು, ಒಂದರ ಜೊತೆಗಾದರೂ ನಡೆಯೋಣ ಎನ್ನಿಸಿತ್ತು ಎಂದು ಒಮ್ಮೆ ಹೇಳಿದ್ದ. ಆ ಮಾತು ಚಿದಾನಂದಪ್ಪನಿಗೆ ಬಹಳ ಹಿಡಿಸಿ ಪುಸ್ತಕದ ಮೊದಲ ಸಾಲನ್ನೇ ಅದರಿಂದ ಮಾಡಿದ್ದ.

ಇಬ್ಬರೂ ಕುರುಗೋಡಿನ ಸಾಲೆಯಲ್ಲಿ ಒಟ್ಟಿಗೆ ಕಲಿತವರು. ಸೋದರಮಾವನ ಮನೆಯಲ್ಲಿದ್ದುಕೊಂಡು ಮಾರೆಣ್ಣ ಅಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ. ಕೇರಿಯ ಹುಡುಗರು ಕೂರುವುದು ಹೊರಗಿನ ಜಗಲಿಯಲ್ಲಿ. ಹತ್ತಿ ವ್ಯಾಪಾರಿ ಉಜ್ಜಿನಪ್ಪನ ಮಗ ಚಿದಾನಂದಪ್ಪ ಒಳಗೆ, ಕಿಟಕಿಯ ಪಕ್ಕ. ಲೆಕ್ಕದ ಹೊತ್ತಿನಲ್ಲಿ ಕಿಟಕಿಯಿಂದ ಒಂದು ಸ್ಲೇಟು ಹೊರಗೆ ಬರುತ್ತಿತ್ತು, ಉತ್ತರ ಬರೆಸಿಕೊಂಡು ಒಳಗೆ ಹೋಗುತ್ತಿತ್ತು. ಶಹಬ್ಬಾಸ್‌ಗಿರಿ ಒಳಗೇ ಉಳಿಯುತ್ತಿತ್ತು. ಅದನ್ನೇ ಮಾರೆಣ್ಣ ಬಹಳ ವರ್ಷ ಗೆಳೆತನ ಎಂದು ನೆನೆಸಿಕೊಂಡಿದ್ದ.

ದಂಡಿನಿಂದ ಬಂದ ಮೇಲೆ ಅವನಿಗೆ ಬಳ್ಳಾರಿಯಲ್ಲಿ ತಂತಿ ಹಂಚುವ ಕೆಲಸ ಸಿಕ್ಕಿತು. ಇಟಲಿಯ ಸೈಕಲ್ಲನ್ನು ಹಡಗಿಗೆ ಹತ್ತಿಸಲು ಬಿಟ್ಟಿರಲಿಲ್ಲ. ಅದರ ಗಂಟೆಯೊಂದನ್ನು ಬಿಚ್ಚಿ ಜೇಬಿನಲ್ಲಿ ತಂದಿದ್ದ. ಇಲ್ಲಿ ಕೊಂಡ ಸೈಕಲ್ಲಿಗೆ ಅದನ್ನೇ ಕೂರಿಸಿದ. ಆ ಗಂಟೆಯ ದನಿ ಕೇಳಿದರೆ ಬ್ರೂಸ್ ಪೇಟೆಯ ಹೆಂಗಸರ ಮುಖ ಇಳಿದುಹೋಗುತ್ತಿತ್ತು. ತಂತಿಯಲ್ಲಿ ಸಾವಿನ ಸುದ್ದಿ ಬಿಟ್ಟು ಬೇರೆ ಏನು ಬರುತ್ತದೆ? ಹಾಗೆ ಒಂದು ತಂತಿ ಕೊಡಲು ಹೋದ ಮನೆಯಲ್ಲೇ ಚಿದಾನಂದಪ್ಪ ಸಿಕ್ಕಿದ್ದು. ತಂತಿ ಕುರುಗೋಡಿನಿಂದ ಬಂದಿತ್ತು: ಉಜ್ಜಿನಪ್ಪ ತೀರಿಕೊಂಡಿದ್ದರು.

ಆಮೇಲೆ ಒಂದೂವರೆ ವರ್ಷ, ಭಾನುವಾರ ಭಾನುವಾರ, ಮಾರೆಣ್ಣ ಹೇಳಿದ, ಚಿದಾನಂದಪ್ಪ ಬರೆದ. ಮೊದಲ ದಿನವೇ ಹೆಂಡತಿ ಸುವರ್ಣಮ್ಮನನ್ನು ಕರೆದು ಮನೆಯ ಹಿತ್ತಾಳೆ ಲೋಟದಲ್ಲೇ ಮಾರೆಣ್ಣನಿಗೆ ಟೀ ಕೊಡಿಸಿದ. ಆ ಬೀದಿಯಲ್ಲಿ ಅದು ಸಣ್ಣ ಮಾತಾಗಿರಲಿಲ್ಲ. ಆ ಒಂದು ಲೋಟ ಟೀಗೆ ಮಾರೆಣ್ಣ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿಬಿಟ್ಟ. ಸಿರುಗುಪ್ಪದಲ್ಲಿರುವಂಥದೇ ಭತ್ತದ ಗದ್ದೆಗಳು, ಮೊಣಕಾಲುಮಟ್ಟ ನೀರಿನಲ್ಲಿ ಬಗ್ಗಿ ಕಳೆ ಕೀಳುತ್ತ ಹಾಡುವ ಹೆಂಗಸರು, ಬಾಂಬು ಬಿದ್ದು ಸೊಂಟ ಮುರಿದ ಸೇತುವೆಗಳು, ಒಂದೇ ಸಾಲಿನಲ್ಲಿ ನಿಂತ ಎತ್ತರದ ಮರಗಳು. ಎಲ್ಲಿ ಉಳಿದೆ, ಏನು ಉಂಡೆ ಎಂದು ಚಿದಾನಂದಪ್ಪ ಕೇಳಿದಾಗ ಅವನು ಹೇಳಿದ್ದು ಒಂದೇ: "ನಮ್ಮಪ್ಪನ ಹೆಸರಿನ ಮ್ಯಾಲ ಉಂಡೆನ್ರಿ."

ಅವನಪ್ಪ ದುರುಗಣ್ಣ ಸಿರುಗುಪ್ಪದ ನೀರುಗಂಟಿ. ತುಂಗಭದ್ರೆಯಿಂದ ಬರುವ ಹಳೆಯ ಕಾಲುವೆಯ ದೊಡ್ಡ ತೂಬನ್ನು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವ ಕೆಲಸ ತಲೆಮಾರುಗಳಿಂದ ಅವರ ಮನೆಯದು. ಆ ದೇಶದಲ್ಲೂ ಕಾಲುವೆಗೆ ದೊಡ್ಡ ದೊಡ್ಡ ಬಾಗಿಲುಗಳಿದ್ದವು, ಒಂದೊಂದು ಬಾಗಿಲಿಗೂ ಒಬ್ಬ ಕಾವಲಿನವನು, ಅವನದೊಂದು ಮನೆ. ಮಾರೆಣ್ಣ ಅಲ್ಲಿ ಸೈಕಲ್ ಇಳಿದು "ಪಾದ್ರೆ, ಆಕ್ವ" ಎನ್ನುತ್ತಿದ್ದ. ಅಪ್ಪ, ನೀರು. ಆಮೇಲೆ ಎರಡೂ ಕೈಯಿಂದ ತೂಬಿನ ಹಲಗೆ ಎತ್ತಿ ತೋರಿಸುತ್ತಿದ್ದ. ಅಷ್ಟು ಸಾಕಾಗುತ್ತಿತ್ತು. ತಮ್ಮವನೇ ಬಂದನೆಂದು ಅವರು ಒಳಗೆ ಕರೆದು, ಮೇಜಿನ ಮುಂದೆ ಕೂರಿಸಿ, ತಮ್ಮ ತಟ್ಟೆಯಲ್ಲೇ ಬಡಿಸುತ್ತಿದ್ದರು. ಹೊರಗೆ ನಿಲ್ಲು ಎಂದವರು ಇಪ್ಪತ್ತಾರು ದಿನದಲ್ಲಿ ಒಬ್ಬರೂ ಇಲ್ಲ. ಪಾವಿಯ ಎಂಬ ಊರಿನ ಹತ್ತಿರ ಒಬ್ಬ ಮುದುಕ ಬಾಗಿಲಿನ ಕಬ್ಬಿಣದ ಚಕ್ರವನ್ನೇ ಅವನ ಕೈಗೆ ಕೊಟ್ಟು ತಿರುಗಿಸು ಎಂದ.

ಸಿರುಗುಪ್ಪದ ನೀರುಗಂಟಿಗಳಲ್ಲಿ ಒಂದು ಪದ್ಧತಿ. ತೂಬು ಯಾರ ಕೈಯಿಂದ ತನ್ನ ಕೈಗೆ ಬಂತೋ ಅವನ ಹೆಸರು ಕೂಗದೆ ವರ್ಷದ ಮೊದಲ ನೀರಿಗೆ ಹಲಗೆ ಎತ್ತುವಂತಿಲ್ಲ. ದುರುಗಣ್ಣ ತನ್ನಪ್ಪನ ಹೆಸರು ಹಿಡಿದು "ಎರ್ರಣ್ಣನ ಕೈನೀರೋ" ಎಂದು ಕೂಗುತ್ತಿದ್ದ. ಆ ಕೂಗಿನಲ್ಲಿ ಎರ್ರಣ್ಣ ಸತ್ತು ಮೂವತ್ತು ವರ್ಷವಾದರೂ ಕಾಲುವೆಯ ಮೇಲೆ ಬದುಕಿದ್ದ. ಮಾರೆಣ್ಣ ದಂಡಿಗೆ ಹೋದವನು, ತೂಬು ಹಿಡಿದವನಲ್ಲ. ಆದರೂ ಆ ಕಬ್ಬಿಣದ ಚಕ್ರಕ್ಕೆ ಕೈ ಹಾಕಿದ್ದೇ ತಡ, ಪರದೇಶದ ಆ ಸಂಜೆಯಲ್ಲಿ ಗಂಟಲು ಬಿರಿಯುವಂತೆ "ದುರುಗಣ್ಣನ ಕೈನೀರೋ" ಎಂದು ಕೂಗಿದ್ದ. ಮುದುಕ ಟೋಪಿ ತೆಗೆದ. ಇದನ್ನು ಹೇಳುವಾಗ ಮಾರೆಣ್ಣ ಅತ್ತ, ಬರೆಯುತ್ತಿದ್ದ ಚಿದಾನಂದಪ್ಪನ ಕಣ್ಣಲ್ಲೂ ನೀರು ಬಂತು. ಅದೇನು ಸುಳ್ಳು ನೀರಲ್ಲ. ಬರೆದ ಹಾಳೆಗಳನ್ನು ಅವನು ಓದಿ ತೋರಿಸುತ್ತಿದ್ದ, ಅವುಗಳಲ್ಲಿ ದುರುಗಣ್ಣನ ಹೆಸರನ್ನು ಮಾರೆಣ್ಣ ತನ್ನ ಕಿವಿಯಿಂದಲೇ ಕೇಳಿದ್ದ. ಪುಸ್ತಕದ ಮೇಲೆ ಯಾರ ಹೆಸರು ಎಂದು ಕೇಳಿದ್ದಕ್ಕೆ, "ಇಬ್ಬರದೂ ಮಾರಾಯ, ಮತ್ಯಾರದು?" ಎಂದೂ ಉತ್ತರ ಬಂದಿತ್ತು.

ಈಗ ಅಧ್ಯಕ್ಷರಾದ ವಕೀಲ ಕೊಟ್ಟೂರಪ್ಪನವರು ಪುಸ್ತಕದ ಕಟ್ಟು ಬಿಚ್ಚಿ ಒಂದು ಪ್ರತಿಯನ್ನು ಎತ್ತಿ ಹಿಡಿದರು. ಚಪ್ಪಾಳೆ ಬಿತ್ತು. ಹಿಂದಿನಿಂದ ಅಕ್ಷರ ಕಾಣುತ್ತಿರಲಿಲ್ಲ. "ನಮ್ಮ ಚಿದಾನಂದಪ್ಪನವರು ಯುದ್ಧದ ಕಾಲದಾಗ ಎರಡು ವರ್ಷ ಊರಾಗ ಕಾಣಲಿಲ್ಲ," ಎಂದರು ವಕೀಲರು. "ಪುಣೆದಾಗ ಮಿಲಿಟರಿ ಆಫೀಸಿನಾಗ ಗುಮಾಸ್ತ ಆಗ್ಯಾರ ಅಂತ ನಾವೆಲ್ಲಾ ತಿಳ್ಕಂಡಿದ್ವಿ. ಈ ಪುಣ್ಯಾತ್ಮ ಅಲ್ಲಿಂದ ಹಡಗಾ ಹತ್ತಿ ಇಟಲಿಗೇ ಹೋಗಿ, ಒಬ್ಬನೇ ಸೈಕಲ್ ಮ್ಯಾಲ ಹೊಳಿ ಗುಂಟ ಆರುನೂರು ಮೈಲಿ ತಿರುಗಿ ಬಂದಾನ. ಇದ ಆ ಸೈಕಲ್ಲು, ನೋಡ್ರಿ!"

ಮಾರೆಣ್ಣನಿಗೆ ತಾನು ಕೇಳಿದ್ದು ಮೊದಲು ತಲೆಗೆ ಹೋಗಲಿಲ್ಲ. ವಕೀಲರು ಏನೋ ತಪ್ಪು ತಿಳಿದಿದ್ದಾರೆ, ಚಿದಾನಂದಪ್ಪ ಎದ್ದು ತಿದ್ದುತ್ತಾನೆ ಎಂದು ಕಾದ. ಚಿದಾನಂದಪ್ಪ ಎದ್ದ. ಶಾಲು ಸರಿಮಾಡಿಕೊಂಡು, ಕನ್ನಡಕ ಒರೆಸಿಕೊಂಡು, ಪುಸ್ತಕ ಬಿಡಿಸಿದ. ಹಿಂಬಾಗಿಲ ಕಡೆ ನೋಡಲಿಲ್ಲ.

"ಬಾಗಿಲು ಕಾಯುವ ವೃದ್ಧನು ಚಕ್ರವನ್ನು ನನ್ನ ಕೈಗೆ ಒಪ್ಪಿಸಿದನು," ಎಂದು ಸಾಲೆಯ ದನಿಯಲ್ಲಿ ಓದಿದ. "ಅದನ್ನು ತಿರುಗಿಸುವ ಮುನ್ನ ನಾನು ನನ್ನ ಪೂಜ್ಯ ತಂದೆಯವರನ್ನು ನೆನೆದೆನು. ಆ ನೀರವ ಸಂಜೆಯಲ್ಲಿ ನನ್ನ ಕೂಗು ಮೊಳಗಿತು: ಕುರುಗೋಡಿನ ಉಜ್ಜಿನಪ್ಪನ ಕೈನೀರೋ!"

ಹಾಲು ಚಪ್ಪಾಳೆಯಿಂದ ತುಂಬಿತು. ಮುಂದಿನ ಸಾಲಿನಲ್ಲಿ ಉಜ್ಜಿನಪ್ಪನವರ ಹಳೆಯ ವ್ಯಾಪಾರಿ ಮಿತ್ರರೊಬ್ಬರು ಕಣ್ಣು ಒರೆಸಿಕೊಂಡರು. ಜನ್ಮದಲ್ಲಿ ತೂಬಿನ ಹಲಗೆ ಮುಟ್ಟದ, ಹತ್ತಿಯ ಮೂಟೆ ತೂಗಿ ಬದುಕಿದ ಉಜ್ಜಿನಪ್ಪನಿಗೆ ಎಲ್ಲಿಯ ಕೈನೀರು? ಸಿರುಗುಪ್ಪದ ಕೇರಿಯ ಕೂಸು ಕೂಡ ಇದನ್ನು ಕೇಳಿ ನಗುತ್ತಿತ್ತು. ಆ ಹಾಲಿನಲ್ಲಿ ನಗುವವರು ಯಾರೂ ಇರಲಿಲ್ಲ. ತನ್ನ ಹೆಸರು ಹೋದದ್ದಕ್ಕಿಂತ ಅಪ್ಪನ ಹೆಸರು ಹೋದದ್ದು ಮಾರೆಣ್ಣನನ್ನು ಹೆಚ್ಚು ಚುಚ್ಚಿತು.

ಕೊಟ್ಟೂರಪ್ಪನವರಿಗೆ ಒಂದು ಸಂದೇಹ ಬಂತು. ವಕೀಲರಲ್ಲವೆ, ಬರಲೇಬೇಕು. "ಚಿದಾನಂದಪ್ನೋರ, ನೀರು ಇಳಿಜಾರಿಗೆ ಹರೀತೈತಿ, ಅದು ಸರಿ. ಸಾಮಾನು ತುಂಬಿದ ದೋಣಿ ಕಾಲುವಿಯಾಗ ಮ್ಯಾಲಕ್ಕ ಹತ್ತಿ ಹೋತು ಅಂತ ಬರದೀರಿ. ಅದೆಂಗ ಹತ್ತತೈತ್ರಿ?"

"ಅಲ್ಲಿ... ಯಂತ್ರ ಇರ್ತಾವ್ರಿ," ಎಂದ ಚಿದಾನಂದಪ್ಪ. "ದೊಡ್ಡ ಯಂತ್ರ. ಅವು ದೋಣೀನ ಜಗ್ಗಿ..." ನಡುವಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಗ ಅವನು ಮೊದಲ ಸಲ ಹಿಂಬಾಗಿಲ ಕಡೆ ನೋಡಿದ. ಸ್ಲೇಟನ್ನು ಕಿಟಕಿಯಿಂದ ಹೊರಗೆ ಚಾಚುವಾಗ ಹುಡುಗ ಚಿದಾನಂದಪ್ಪ ನೋಡುತ್ತಿದ್ದುದೂ ಹೀಗೆಯೇ.

ಮಾರೆಣ್ಣ ಸುಮ್ಮನಿರಬಹುದಿತ್ತು. ಸುಮ್ಮನಿದ್ದಿದ್ದರೆ ಆ ದಿನವೇ ಬಣ್ಣ ಬಯಲಾಗುತ್ತಿತ್ತೋ ಏನೋ. ಆದರೆ ನೀರಿನ ವಿಷಯದಲ್ಲಿ ಒಬ್ಬ ತಪ್ಪು ಹೇಳುವುದನ್ನು ಕೇಳಿಕೊಂಡು ನೀರುಗಂಟಿಯ ಮಗ ನಿಲ್ಲಲಾರ. "ಯಂತ್ರ ಅಲ್ರಿ," ಎಂದುಬಿಟ್ಟ. ಎಲ್ಲರೂ ತಿರುಗಿದರು. "ಒಂದರ ಹಿಂದೊಂದು ಎರಡು ಬಾಗಲಾ ಇರ್ತಾವ್ರಿ. ದೋಣಿ ನಡುವ ಬರತೈತಿ. ಕೆಳಗಿಂದು ಮುಚ್ಚತಾರ, ಮ್ಯಾಲಿನ ಬಾಗಲದಾಗ ಸಣ್ಣ ಕಿಂಡಿ ತಗೀತಾರ. ನೀರು ತುಂಬಿಕೋತ ಬರತೈತಿ, ದೋಣಿ ತಂತಾನ ಮ್ಯಾಲಕ್ಕ ಬರತೈತಿ. ಎರಡೂ ಕಡೆ ನೀರು ಸಮ ಆದಮ್ಯಾಲ ಬಾಗಲಾ ತಗದ್ರ ಆತ್ರಿ. ದೋಣಿ ಹತ್ತಂಗಿಲ್ಲ, ನೀರ ಅದನ್ನ ಎತ್ತಿ ಇಡತೈತಿ." ಹೇಳುತ್ತ ಹೇಳುತ್ತ ಅವನ ಕೈಗಳು ತಾವಾಗಿಯೇ ಮೇಲೇರಿದ್ದವು.

ಕೊಟ್ಟೂರಪ್ಪನವರು ಮೇಜು ಗುದ್ದಿದರು. "ಭಲೆ! ಸೈಕಲ್ ಹೊತ್ತು ತಂದಾತನೂ ಪುಸ್ತಕಾ ಬಾಯಿಪಾಠ ಮಾಡ್ಯಾನ ನೋಡ್ರಿ. ಬರದ್ರ ಹಿಂಗ ಬರೀಬೇಕು!" ಎರಡನೆಯ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ಚಿದಾನಂದಪ್ಪ ಕೈ ಮುಗಿದ, ಸಭೆಗೆ.

ಕಾರ್ಯಕ್ರಮ ಮುಗಿದ ಮೇಲೆ ಸೈಕಲ್ ಇಳಿಸಿಕೊಂಡು ಹೋಗಲು ಮಾರೆಣ್ಣನಿಗೆ ಹೇಳಿ ಕಳಿಸಿದರು. ಹಾಲಿನ ಹಿಂದೆ ಬೇವಿನ ಮರದ ಕೆಳಗೆ ಅವನು ಗಾಲಿಗೆ ಸಿಕ್ಕಿದ್ದ ಹೂವು ಬಿಡಿಸುತ್ತಿರುವಾಗ ಚಿದಾನಂದಪ್ಪ ಶಾಲು ಸಮೇತ ಬಂದ. ಕೈಯಲ್ಲಿ ಒಂದು ಪುಸ್ತಕವಿತ್ತು.

"ಒಳ್ಳೇ ಹೊತ್ತಿಗೆ ಕಾಪಾಡಿದಿ ನೋಡಪಾ," ಎಂದ.

"ನಮ್ಮಪ್ಪನ ಹೆಸರು ಎಲ್ಲೈತ್ರಿ?"

"ಸಿಟ್ಟಾಗಬ್ಯಾಡ, ಕೇಳಿಲ್ಲಿ..."

"ನನ್ನ ಹೆಸರು ಬಿಡ್ರಿ. ನಮ್ಮಪ್ಪಂದು ಹಾಳಿಯಾಗ ಇತ್ತು. ನೀವ ಓದಿ ತೋರಿಸಿದ್ರಿ. ಅದನ್ನ ಯಾಕ ಅಳಿಸಿದ್ರಿ?"

ಚಿದಾನಂದಪ್ಪ ನೆಲ ನೋಡಿದ. "ಪ್ರೆಸ್ಸಿನವರು ಒಪ್ಪಲಿಲ್ಲ ಮಾರೆಣ್ಣ. ಇಂಥಾ ಪ್ರವಾಸಾ ಮಾಡಿದಾತ ತಂತಿ ಹಂಚಾವ ಅಂದ್ರ ಯಾರು ಕೊಂಡು ಓದ್ತಾರ, ನೀನ ಹೇಳು. ಬರೇ ನನ್ನ ಹೆಸರು ಬಂತು ಅಂದಮ್ಯಾಲ ನಮ್ಮಪ್ಪನ ಹೆಸರೂ ಬರಬೇಕಾತು. ಅವರು ಸತ್ತಾಗ ನನಗ ಒಂದು ಕಲ್ಲು ನಿಲ್ಲಸಾಕೂ ಆಗಲಿಲ್ಲ, ನಿನಗ ಗೊತ್ತೈತಲ್ಲ. ಆ ತಂತಿ ತಂದಾತ ನೀನ." ಆಮೇಲೆ ತಟ್ಟನೆ ಗೆಲುವಾಗಿ ಮುನ್ನುಡಿಯ ಪುಟ ತೆಗೆದು ತೋರಿಸಿದ. "ನಿನ್ನ ಬಿಟ್ಟಿಲ್ಲ, ನೋಡು."

ಮಾರೆಣ್ಣ ಕೂಡಿಸಿಕೊಂಡು ಓದಿದ. ಕೊನೆಯ ಸಾಲಿನಲ್ಲಿತ್ತು: ಸಮಾರಂಭಕ್ಕೆ ಸೈಕಲ್ ಒದಗಿಸಿ ಸಹಕರಿಸಿದ ಮಾರೆಣ್ಣನಿಗೆ ಕೃತಜ್ಞತೆಗಳು.

ಅಷ್ಟರಲ್ಲಿ ಟೀ ಬಂತು. ಚಿದಾನಂದಪ್ಪನಿಗೆ ಬಸಿಯ ಮೇಲಿಟ್ಟ ಕಪ್ಪಿನಲ್ಲಿ, ಮಾರೆಣ್ಣನಿಗೆ ಕಟ್ಟೆಯ ಮೇಲೆ ಬೋರಲು ಹಾಕಿದ್ದ, ಅಂಚು ಮುರಿದ ಗಾಜಿನ ಲೋಟದಲ್ಲಿ. ಲೋಟವನ್ನು ಚಿದಾನಂದಪ್ಪ ನೋಡಿದ, ಮಾರೆಣ್ಣ ಅವನು ನೋಡಿದ್ದನ್ನು ನೋಡಿದ. ಮಾರೆಣ್ಣ ಟೀ ಮುಟ್ಟದೆ ಸೈಕಲ್ ತಳ್ಳಿಕೊಂಡು ಹೊರಟ. ಪುಸ್ತಕವನ್ನು ಅವನ ಮುಖಕ್ಕೆ ಎಸೆದು ಬರಬೇಕಿತ್ತು ಎಂದು ಮನೆ ಮುಟ್ಟಿದ ಮೇಲೆ ಅನ್ನಿಸಿತು. ಪುಸ್ತಕ ಅವನ ಕಂಕುಳಲ್ಲೇ ಇತ್ತು.

ಎಸೆಯುವಂತಿರಲಿಲ್ಲ, ಕಾರಣ ದುರುಗಣ್ಣ. ಮುದುಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತುಂಗಭದ್ರೆಗೆ ಕಟ್ಟುತ್ತಿದ್ದ ಹೊಸ ಡ್ಯಾಮಿನ ಕೆಲಸ ಮುಗಿಯುತ್ತ ಬಂದಿತ್ತು. ಇನ್ನು ಮೇಲೆ ತೂಬಿಗೆ ಕೀಲಿ ಹಾಕಿದ ಕಬ್ಬಿಣದ ಬಾಗಿಲು, ಅದನ್ನು ತೆಗೆದು ಮುಚ್ಚಲು ಸರ್ಕಾರದ ಸಂಬಳದ ಒಬ್ಬ ಲಸ್ಕರ್ ಬರುತ್ತಾನೆಂದು ಕೇರಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹಿಂದಿನ ಸಲ ಊರಿಗೆ ಹೋದಾಗ ಮುದುಕ ಮಗನ ಮುಂಗೈ ಹಿಡಿದು ಹೇಳಿದ್ದ: "ನಮ್ಮಪ್ಪನ ಹೆಸರು ನಾ ಕೂಗಿದೆ. ನನ್ನ ಹೆಸರು ಕೂಗಾಕ ಇನ್ನ ತೂಬ ಇರಂಗಿಲ್ಲ. ಪುಸ್ತಕದಾಗರ ಇರ್ಲಿ ಬಿಡು. ಅದು ಬಂದ ದಿನ ಓದಿ ಕೇಳಸು, ಆಮ್ಯಾಲ ಸಾಯ್ತೀನಿ."

ಮೊದಲ ನೀರು ಬರುವ ಸುದ್ದಿ ಬುಧವಾರ ಮುಟ್ಟಿತು. ಗುರುವಾರ ಕೋಳಿ ಕೂಗುವ ಹೊತ್ತಿಗೆ ಮಾರೆಣ್ಣ ಸಿರುಗುಪ್ಪದ ದಾರಿ ಹಿಡಿದ. ಮೂವತ್ತೈದು ಮೈಲಿ. ಎರೆಹೊಲಗಳ ನಡುವೆ ತುಳಿಯುತ್ತ, ಅಪ್ಪನಿಗೆ ನಿಜ ಹೇಳುವುದು ಎಂದು ತೀರ್ಮಾನ ಮಾಡಿದ. ತೆಕ್ಕಲಕೋಟೆಯ ಬಂಡೆಗಳು ಕಾಣುವ ಹೊತ್ತಿಗೆ ಮಾತನ್ನೂ ಜೋಡಿಸಿಕೊಂಡಿದ್ದ. ಯಪ್ಪಾ, ಮಾಸ್ತರ ಮೋಸ ಮಾಡಿದ. ಅಷ್ಟೇ. ಬೈದು, ಉಗುಳಿ, ಇಬ್ಬರೂ ಹಗುರಾಗಬಹುದು. ಸಿಟ್ಟಿನಲ್ಲಿ ಅವನು ಎಷ್ಟು ಜೋರಾಗಿ ತುಳಿದನೆಂದರೆ ಒಂಬತ್ತು ಹೊಡೆಯುವುದರೊಳಗೆ ಕಾಲುವೆಯ ಏರಿ ಮುಟ್ಟಿದ.

ದುರುಗಣ್ಣ ತೂಬಿನ ಕಲ್ಲುಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದ. ಒಗೆದ ಧೋತರ ಉಟ್ಟು, ತಲೆಗೆ ಕೆಂಪು ರುಮಾಲು ಸುತ್ತಿದ್ದ. ಕಂಬಕ್ಕೆ ಅರಿಶಿನ ಬಳಿದಾಗಿತ್ತು, ಎಲೆಯ ಮೇಲೆ ಕುಂಕುಮ, ಒಡೆದ ಕಾಯಿ ಇದ್ದವು. ಕೇರಿಯ ಏಳೆಂಟು ಜನ ಏರಿಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಓದು ಬಲ್ಲವರು ಅವರಲ್ಲಿ ಯಾರೂ ಇರಲಿಲ್ಲ. ಕಾಲುವೆ ಇನ್ನೂ ಒಣಗಿತ್ತು. ದೂರದಲ್ಲಿ ಗಂಟೆಯ ದನಿ ಕೇಳಿದ್ದೇ ಮುದುಕನ ಮುಖ ಅರಳಿತು. ಬಳ್ಳಾರಿಯಲ್ಲಿ ಜನ ಹೆದರುವ ಆ ಗಂಟೆಗೆ ಹಿಗ್ಗುವವನು ಅವನೊಬ್ಬನೇ.

"ಬಂದೇನಪಾ ಮಾರ? ಪುಸ್ತಕಾ ತಂದಿ?"

"ತಂದೀನಿ ಯಪ್ಪಾ. ಒಂದು ಮಾತು ಹೇಳಬೇಕು..."

"ಮಾತು ಆಮ್ಯಾಲ. ಮೊದಲು ಓದು. ಇವರೆಲ್ಲಾ ಅದಕ ಬಂದಾರ." ಮುದುಕ ಏರಿಯ ಕಡೆ ಕೈ ಬೀಸಿದ. "ಲೇ, ಬೀಡಿ ಆರಿಸ್ರಲೇ. ಆ ಹೊಳೀ ಹೆಸರು ಏನಂದಿ? ಪೋ! ಹೋಗು ಅನ್ನಾಕ 'ಪೋ' ಅಂತ ಹೊಳಿಗೆ ಹೆಸರಿಟ್ಟಾರ ನೋಡ್ರಿ, ತೆಲುಗು ಮಂದಿ ಅಲ್ಲಿಗೂ ಹೋಗ್ಯಾರ." ಎಲ್ಲರೂ ನಕ್ಕರು. ಈ ನಗೆಮಾತನ್ನು ಅವನು ಏಳು ವರ್ಷದಿಂದ ಹೇಳುತ್ತಿದ್ದ, ಅವರು ಏಳು ವರ್ಷದಿಂದ ನಗುತ್ತಿದ್ದರು.

ಮಾರೆಣ್ಣ ಪುಸ್ತಕ ತೆಗೆದ. ಪುಟ ಬಿಡಿಸುವಾಗಲೂ ಹೇಳಿಬಿಡುತ್ತೇನೆ ಎಂದೇ ಇದ್ದ. ಮುದುಕ ಪೊರೆ ಬಂದ ಕಣ್ಣುಗಳನ್ನು ಅವನ ದನಿಯತ್ತ ಎತ್ತಿ, ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತ. ಮಾರೆಣ್ಣ ಓದತೊಡಗಿದ. ವೃದ್ಧನು ಚಕ್ರವನ್ನು ಕೈಗೆ ಒಪ್ಪಿಸಿದ್ದು, ತಂದೆಯನ್ನು ನೆನೆದದ್ದು. ಆ ಸಾಲಿಗೆ ಬಂದಾಗ ಅವನ ನಾಲಿಗೆ ಒಂದು ಕ್ಷಣ ನಿಂತಿತು. ಆಮೇಲೆ ಅದು ಓದಿತು: "ಸಿರುಗುಪ್ಪದ ದುರುಗಣ್ಣನ ಕೈನೀರೋ!"

ಏರಿಯ ಮೇಲೆ ಯಾರೋ "ಆಹಾ" ಎಂದರು. ದುರುಗಣ್ಣ ತಲೆಯ ರುಮಾಲು ಸರಿಮಾಡಿಕೊಂಡ. "ಊರ ಹೆಸರೂ ಹಾಕ್ಯಾನೇನು?" ಎಂದ.

"ಹಾಕ್ಯಾನ."

"ಎಲ್ಲೈತಿ? ನನ್ನ ಬಳ್ಳು ಅದರ ಮ್ಯಾಲ ಇಡು."

ಮಾರೆಣ್ಣನಿಗೆ ದಿಕ್ಕು ತೋಚಲಿಲ್ಲ. ಪುಟದ ತುಂಬ ಹುಡುಕಿದರೂ ಅಪ್ಪನ ಹೆಸರಿನ ಒಂದು ಅಕ್ಷರ ಅಲ್ಲಿರಲಿಲ್ಲ. ಖಾಲಿ ಅಂಚಿನ ಮೇಲೆ ಬೆರಳಿಡಬಹುದಿತ್ತು, ಆದರೆ ಎಲ್ಲರೂ ಬಗ್ಗಿ ನೋಡುತ್ತಿದ್ದರು, ಅಪ್ಪನ ಹೆಸರು ಇರಬೇಕಾಗಿದ್ದ ಜಾಗ ಆ ಕೂಗಿನ ಸಾಲೊಂದೇ. ಅವನು ಅಪ್ಪನ ಒರಟು ತೋರುಬೆರಳನ್ನು ಹಿಡಿದು ಉಜ್ಜಿನಪ್ಪನ ಹೆಸರಿನ ಮೇಲೆ ಇಟ್ಟ. "ಇಲ್ಲೈತಿ ಯಪ್ಪಾ," ಎಂದ. ಚಿದಾನಂದಪ್ಪ ಮಾಡಿದ್ದನ್ನೇ ಈಗ ತಾನೂ ಮಾಡಿದೆ ಎಂದು ಅನ್ನಿಸಿ ಅವನಿಗೆ ಆ ಬೆರಳು ಬಿಡಲೂ ಆಗಲಿಲ್ಲ, ಹಿಡಿಯಲೂ ಆಗಲಿಲ್ಲ.

ಮುದುಕ ಹೆಸರನ್ನು ಉದ್ದಕ್ಕೂ ಸವರಿದ. "ದೊಡ್ಡದೈತಿ," ಎಂದ ಸಮಾಧಾನದಿಂದ. ಇನ್ನೊಂದು ಕೈಯಿಂದ ತಡಕಾಡಿ ಎಲೆಯ ಮೇಲಿನ ಕುಂಕುಮಕ್ಕೆ ಬೆರಳದ್ದಿ, ತೂಬಿನ ಕಂಬಕ್ಕೆ ಹಚ್ಚಿ, ಅದೇ ಬೆರಳನ್ನು ಹೆಸರಿನ ಮೇಲೂ ಒತ್ತಿದ. ಕೆಂಪಿನ ನಡುವೆ ಕಪ್ಪು ಅಕ್ಷರಗಳು ಮೊದಲಿಗಿಂತ ಚೆನ್ನಾಗಿ ಕಂಡವು.

ಅಷ್ಟರಲ್ಲಿ ಮೇಲಿನಿಂದ ಕೂಗು ಬಂತು. ಕಸಕಡ್ಡಿ, ನೊರೆ ದಬ್ಬಿಕೊಂಡು ಕೆಂಪು ನೀರು ಬಂದು ಹಲಗೆಗೆ ಬಡಿಯಿತು. ದುರುಗಣ್ಣ ಎದ್ದು, ಪುಂಡಿ ಹಗ್ಗದ ಗಂಟನ್ನು ಕಣ್ಣಿನ ಹಂಗಿಲ್ಲದೆ ಬಿಚ್ಚಿ, "ಎರ್ರಣ್ಣನ ಕೈನೀರೋ" ಎಂದು ಕೂಗಿ ಹಲಗೆ ಎತ್ತಿದ. ಆ ದನಿ ಕಾಲುವೆಯ ಗುಂಟ ಬಹುದೂರ ಹೋಯಿತು. ಮಾರೆಣ್ಣ ಹೇಳಬೇಕೆಂದುಕೊಂಡ ಮಾತು ನೀರಿನ ಸದ್ದಿನಲ್ಲಿ ಎಲ್ಲೋ ಹೋಯಿತು.

ಮಧ್ಯಾಹ್ನ ಉಂಡು ಹೊರಡುವ ಹೊತ್ತಿಗೆ ಮುದುಕ ಗುಡಿಸಲಿನಿಂದ ಒಂದು ಗೋಣಿಚೀಲ ಎಳೆದು ತಂದ. ಸುಗ್ಗಿಯಲ್ಲಿ ನೀರುಗಂಟಿಯ ಪಾಲಿಗೆ ಬಂದ ಭತ್ತವನ್ನು ಕುಟ್ಟಿ ಮಾಡಿದ ಸಣ್ಣಕ್ಕಿ. ಹಬ್ಬಕ್ಕೂ ತೆಗೆಯದೆ ಇಟ್ಟಿದ್ದು.

"ಇದು ಆ ಮಾಸ್ತರಿಗೆ," ಎಂದ.

"ಯಪ್ಪಾ, ಬ್ಯಾಡ."

"ಯಾಕ ಬ್ಯಾಡ? ನಮ್ಮಂತಾರ ಹೆಸರಾ ಯಾರು ಬರೀತಾರಲೇ? ದೊಡ್ಡ ಮನುಷ್ಯಾ ಆತ. ದುರುಗಣ್ಣ ಕೊಟ್ಟ ಅಂತ ಹೇಳಿ ಆತನ ಕೈಯಾಗ ಕೊಡು. ನಮ್ಮನಿ ಅಕ್ಕಿ ಉಣ್ಣಾಕ ಒಲ್ಲೆ ಅಂದ್ರ, ಕೋಳಿಗರ ಹಾಕು ಅನ್ನು." ತಾನೇ ನಕ್ಕು, ಚೀಲವನ್ನು ಕ್ಯಾರಿಯರಿನ ಮೇಲೆ ಇಟ್ಟು, ತೊಯ್ದ ಪುಂಡಿ ಹಗ್ಗದಿಂದ ನಾಲ್ಕು ಸುತ್ತು ಬಿಗಿದ. ಕೊನೆಗೆ ಹಾಕಿದ್ದು ತೂಬಿನ ಹಲಗೆಗೆ ಹಾಕುವ ಗಂಟು.

ಮಾರೆಣ್ಣ ಕಾಲುವೆಯ ಏರಿಯ ಮೇಲೆ ಸೈಕಲ್ ತುಳಿದ. ಪಕ್ಕದಲ್ಲಿ ಹೊಸ ನೀರು ಅವನಿಗೆ ಸಮನಾಗಿ ಹರಿಯುತ್ತಿತ್ತು. ಏರಿ ಮುಗಿದು ಬಳ್ಳಾರಿಯ ರಸ್ತೆ ಸೇರುವಲ್ಲಿ ಅವನು ಇಳಿದ. ಚೀಲವನ್ನು ಅಲ್ಲೇ ಜಾಲಿಯ ಬುಡದಲ್ಲಿ ಇಟ್ಟು ಹೋಗುವುದು, ಹೊಲಕ್ಕೆ ಹೋಗುವವರು ಯಾರಾದರೂ ಒಯ್ಯಲಿ ಎಂದು ಹಗ್ಗಕ್ಕೆ ಕೈ ಹಾಕಿದ. ಉಗುರಿನಿಂದ ಕೆದರಿದ, ಹಲ್ಲು ಹಚ್ಚಿ ಎಳೆದ. ಬಿಸಿಲಿಗೆ ಹಗ್ಗ ಒಣಗಿ ಬಿಗಿದುಕೊಂಡಿತ್ತು. ಬಹಳ ಹೊತ್ತು ಹೆಣಗಿದ ಮೇಲೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಬಳ್ಳಾರಿಯ ಕಡೆ ಮುಖ ಮಾಡಿ ಸೈಕಲ್ ಹತ್ತಿದ. ಹಿಂದೆ ಚೀಲ ಕದಲಲಿಲ್ಲ. ಅಪ್ಪ ಹಾಕಿದ ಗಂಟು ಹಾಗೆಯೇ ಇತ್ತು.